ಚಳಿಗಾಲದಲ್ಲಿ ಬೇರೆ ಊರಿಗೆ ಹೋಗಿ ಗೆಳೆಯರೊಂದಿಗೆ ಧ್ವನಿಮುದ್ರಣ: ಅನುಭವ ಇದ್ದವರು ತಿಳಿಸಿ

ಹೊಸರಾಗ:
ಹಿಂದೆ ಒಟ್ಟಿಗೆ ಹಾಡಿ ನುಡಿಸುತ್ತಿದ್ದ ನಾವು ನಾಲ್ವರು ಈಗ ಬೇರೆ ಬೇರೆ ಊರುಗಳಲ್ಲಿದ್ದೇವೆ. ಈ ಚಳಿಗಾಲದಲ್ಲಿ ಗೆಳೆಯನೊಬ್ಬನಿರುವ ನಗರದಲ್ಲಿ ಸೇರಿ, ಒಂದು ವಾರದೊಳಗೆ ನಮ್ಮ ಹಾಡುಗಳನ್ನು ಮುದ್ರಿಸಿಕೊಳ್ಳಬೇಕೆಂದಿದ್ದೇವೆ. ಗಾಯನದ ಜೊತೆಗೆ ಗಿಟಾರ್, ಕೊಳಲು ಮತ್ತು ತಬಲಾ ಇರುತ್ತವೆ. ಸ್ಟುಡಿಯೋ ಗೊತ್ತುಮಾಡುವುದು ಒಳ್ಳೆಯದೋ, ಮನೆಯೊಂದನ್ನು ಬಾಡಿಗೆಗೆ ಹಿಡಿದು ನಾವೇ ಮುದ್ರಿಸಿಕೊಳ್ಳುವುದು ಒಳ್ಳೆಯದೋ?

ಬಿದಿರುಕೊಳಲು:
ಸ್ಟುಡಿಯೋವೇ ಲೇಸು ಎಂದು ನಮಗೂ ಹೇಳಿದವರಿದ್ದರು, ಆ ನೋವು ಇನ್ನೂ ಆರಿಲ್ಲ. ಗಂಟೆಗಿಷ್ಟು ಎಂದು ಮಾತಾಗಿದ್ದ ಬಾಡಿಗೆಯಲ್ಲಿ ಧ್ವನಿತಂತ್ರಜ್ಞರ ಸಂಭಾವನೆ ಸೇರಿಲ್ಲವೆಂದು ತಿಳಿದದ್ದು ಬಾಗಿಲಲ್ಲಿ ನಿಂತ ಮೇಲೆ. ಒಳ್ಳೆಯ ಮೈಕಿಗೆ ಬೇರೆ ಬಾಡಿಗೆ, ಊಟಕ್ಕೆ ಎದ್ದ ಹೊತ್ತಿಗೂ ಬಾಡಿಗೆ, ಕೊನೆಗೆ ಒಂದೊಂದು ವಾದ್ಯದ ಟ್ರ್ಯಾಕನ್ನು ಬಿಡಿಬಿಡಿಯಾಗಿ ಕೊಡುವುದಕ್ಕೂ ಹಣ. ಇಷ್ಟಾಗಿಯೂ ಕೋಣೆಯನ್ನು ರಾತ್ರಿಯಿಡೀ ತಣ್ಣಗೆ ಬಿಟ್ಟಿದ್ದರು. ಹೀಟರ್ ಹಚ್ಚಿದ ಕ್ಷಣದಿಂದಲೇ ನಮ್ಮ ಲೆಕ್ಕ ಓಡತೊಡಗಿತು.

ಗಾಳಿಯಲ್ಲಿ ಶಬ್ದದ ವೇಗ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್, 0 ಡಿಗ್ರಿಯಲ್ಲಿ ಸುಮಾರು 331 ಮೀಟರ್. ಕೊಳಲಿನೊಳಗಿನ ಗಾಳಿ ಪೂರ್ತಿ ಅಷ್ಟು ತಣ್ಣಗಾದರೆ ಶ್ರುತಿ ಅರ್ಧಸ್ವರದ ಅರ್ಧಕ್ಕಿಂತ ತುಸು ಹೆಚ್ಚೇ ಇಳಿಯುತ್ತದೆ. ಊದುತ್ತಿರುವಷ್ಟು ಹೊತ್ತು ಉಸಿರು ಅದನ್ನು ಬೆಚ್ಚಗಿಡುತ್ತದೆ ನಿಜ, ಆದರೆ ಪಲ್ಲವಿ ಮುಗಿಸಿ ಮುಂದಿನ ಚರಣದವರೆಗೆ ಸುಮ್ಮನೆ ಕುಳಿತರೆ ಮತ್ತೆ ಜಾರುತ್ತದೆ. ಇದನ್ನು ತೋರಿಸಿಕೊಟ್ಟಾಗ "ಆಮೇಲೆ ಸಾಫ್ಟ್‌ವೇರಿನಲ್ಲಿ ಸರಿಮಾಡೋಣ" ಎಂದರು. ಸರಿಮಾಡಿದ ಗಂಟೆಗಳಿಗೂ ನಾವೇ ತೆತ್ತೆವು.

ಧ್ವನಿಮೇಜು:
ಬಿದಿರುಕೊಳಲು ಅವರೇ, ಒಂದು ಕಹಿ ಅನುಭವವನ್ನು ಇಟ್ಟುಕೊಂಡು ಇಡೀ ವೃತ್ತಿಯನ್ನು ದೂರಬೇಡಿ. ನಾನು ಬಹುಕಾಲದಿಂದ ಈ ಕೆಲಸದಲ್ಲಿದ್ದೇನೆ. ಬಾಡಿಗೆ ಮನೆಯಲ್ಲಿ ಮುದ್ರಿಸಿಕೊಂಡು "ಸ್ವಲ್ಪ ತಿದ್ದಿಕೊಡಿ" ಎಂದು ಬರುವವರ ಟ್ರ್ಯಾಕುಗಳನ್ನು ಕೇಳಿದ್ದರೆ ನೀವು ಹೀಗೆ ಬರೆಯುತ್ತಿರಲಿಲ್ಲ. ಹೊರಗಿನ ಚಳಿಯಲ್ಲಿ ಹೊತ್ತು ತಂದ ಕಂಡೆನ್ಸರ್ ಮೈಕನ್ನು ಬೆಚ್ಚಗಿನ ಕೋಣೆಯಲ್ಲಿ ಕೂಡಲೇ ತೆರೆದರೆ ಅದರೊಳಗಿನ ಡಯಾಫ್ರಮ್ ಎಂಬ ತೆಳುಪೊರೆಯ ಮೇಲೆ ತೇವ ಕೂರುತ್ತದೆ. ಆ ಚಟಪಟ ಸದ್ದು ಗಾಯನದ ಮೇಲೆ ಬಿದ್ದರೆ ತೆಗೆಯುವುದು ಬಲುಕಷ್ಟ. ಕಳೆದ ಚಳಿಗಾಲದಲ್ಲಿ ಒಂದು ತಂಡ ಸ್ಯಾಂಪಲ್ ದರವನ್ನು (ಸೆಕೆಂಡಿಗೆ ಎಷ್ಟು ಸಲ ಧ್ವನಿಯನ್ನು ಅಳೆದು ದಾಖಲಿಸಬೇಕೆಂಬುದನ್ನು) ಗಮನಿಸದೆ ಅರ್ಧ ಹಾಡನ್ನು 48 ಕಿಲೋಹರ್ಟ್ಸ್‌ನಲ್ಲಿಯೂ ಉಳಿದರ್ಧವನ್ನು 44.1ರಲ್ಲಿಯೂ ಮುದ್ರಿಸಿ ತಂದಿತ್ತು. ಪರಿವರ್ತಿಸದೆ ಒಂದೇ ಸೆಷನ್ನಿಗೆ ಹಾಕಿದ್ದರಿಂದ ಎರಡನೆಯ ಭಾಗ ಸುಮಾರು ಒಂದೂವರೆ ಅರ್ಧಸ್ವರದಷ್ಟು ಏರಿ, ವೇಗವಾಗಿಯೂ ಓಡುತ್ತಿತ್ತು. ಅದನ್ನು ಬಿಡಿಸಿ ಕೂಡಿಸಲು ಹಿಡಿದ ಸಮಯದಲ್ಲಿ ಹೊಸದಾಗಿಯೇ ಮುದ್ರಿಸಬಹುದಿತ್ತು.

ಆರುತಂತಿ:
ನಾವು ಮನೆಯನ್ನೇ ಹಿಡಿದೆವು, ಅದಕ್ಕೆ ನನಗೆ ಹೆಮ್ಮೆಯಿದೆ. ಗಾಯಕಿಯ ಗಂಟಲು ಬೆಳಿಗ್ಗೆ ಕಟ್ಟಿದ್ದರೆ ಸಂಜೆ ಹಾಡಿಸಿದೆವು. ಸ್ಟುಡಿಯೋದಲ್ಲಿ ಆ ಸ್ವಾತಂತ್ರ್ಯವನ್ನು ಯಾರು ಕೊಡುತ್ತಾರೆ? ಹೀಟರಿನ ಗೊರಗೊರ ಮೈಕಿಗೆ ಬೀಳುತ್ತದೆಂದು ಪ್ರತಿ ಟೇಕಿಗೂ ಅದನ್ನು ಆರಿಸಿ, ಮುಗಿದೊಡನೆ ಮತ್ತೆ ಹಚ್ಚುತ್ತಿದ್ದೆವು. ನನ್ನನ್ನು ನಿಜವಾಗಿ ಹಣ್ಣುಮಾಡಿದ್ದು ಗಿಟಾರು. ಮರದ ಗಿಟಾರಿಗೆ ಶೇಕಡಾ 45ರಿಂದ 55ರಷ್ಟು ತೇವಾಂಶ ಹಿತ. ಚಳಿಗಾಲದಲ್ಲಿ ಹೀಟರ್ ಉರಿಯುವ ಕೋಣೆ ಅದಕ್ಕಿಂತ ಎಷ್ಟೋ ಒಣಗಿರುತ್ತದೆ. ಮೇಲುಹಲಗೆ ಒಳಕ್ಕೆ ಕುಸಿಯಿತು, ಫ್ರೆಟ್ಟುಗಳ (ಕುತ್ತಿಗೆಯ ಮೇಲಿನ ಲೋಹದ ಅಡ್ಡಪಟ್ಟಿಗಳ) ತುದಿ ಬೆರಳಿಗೆ ಚುಚ್ಚತೊಡಗಿತು, ಕೊನೆಗೆ ಮರದ ಎಳೆಯುದ್ದಕ್ಕೂ ಬಿರುಕು. ರಿಪೇರಿಗೆ ಕೊಟ್ಟದ್ದು ಪ್ರಯಾಣದಲ್ಲಿ ನನ್ನ ಪಾಲಿಗೆ ಬಂದ ಖರ್ಚನ್ನೂ ಮೀರಿತು. ಮತ್ತೊಂದು ಮಾತು: ಹೊರಡುವ ಮೊದಲು ತಂತಿಗಳನ್ನು ಪೂರ್ತಿ ಸಡಿಲಿಸಲೇಬೇಕು.

ಹಳೆತಂತಿ:
"ಪೂರ್ತಿ" ಎಂಬುದನ್ನು ನಂಬಿ ಹೊಸಬರು ವಾದ್ಯ ಹಾಳುಮಾಡಿಕೊಳ್ಳಬಾರದೆಂದು ಬರೆಯುತ್ತಿದ್ದೇನೆ. ಉಕ್ಕಿನ ಆರು ತಂತಿಗಳು ಸೇರಿ 70 ಕಿಲೋಗ್ರಾಮಿಗೂ ಹೆಚ್ಚಿನ ಎಳೆತ ಹಾಕಿರುತ್ತವೆ, ಕುತ್ತಿಗೆಯೊಳಗಿನ ಟ್ರಸ್ ರಾಡ್ ಎಂಬ ಲೋಹದ ಸರಳು ಅದಕ್ಕೆ ಎದುರಾಗಿ ಬಿಗಿದಿರುತ್ತದೆ. ಎಳೆತವನ್ನು ಇದ್ದಕ್ಕಿದ್ದಂತೆ ತೆಗೆದುಬಿಟ್ಟರೆ ಕುತ್ತಿಗೆ ಹಿಂದಕ್ಕೆ ಬಾಗುತ್ತದೆ, ತಲುಪಿದ ಮೇಲೆ ಅದು ನೆಲೆಗೊಳ್ಳುವವರೆಗೆ ಶ್ರುತಿ ನಿಲ್ಲುವುದಿಲ್ಲ. ಒಂದೆರಡು ಸ್ವರ ಇಳಿಸಿದರೆ ಸಾಕು.

ಆರುತಂತಿ:
ಹಳೆತಂತಿ ಅವರು ಗಿಟಾರನ್ನು ಸಾಮಾನಿನೊಡನೆ ಹಾಕಿ ಕಳಿಸಿ ನೋಡಿಲ್ಲವೆಂದು ಕಾಣುತ್ತದೆ. ಪೆಟ್ಟಿಗೆ ಬಿದ್ದಾಗ ಎಳೆತದಲ್ಲಿರುವ ತಲೆಯೇ ಮೊದಲು ಮುರಿಯುತ್ತದೆ. ನನ್ನ ಗೆಳತಿಯ ವಾದ್ಯಕ್ಕೆ ಹಾಗೇ ಆಯಿತು, ಪರಿಹಾರ ಕೇಳಿ ಬರೆದ ಪತ್ರಗಳಿಗೆ ಇಂದಿಗೂ ಉತ್ತರವಿಲ್ಲ. ಬಾಗಿದ ಕುತ್ತಿಗೆಯನ್ನು ಟ್ರಸ್ ರಾಡಿನ ಕೀಲಿ ತಿರುಗಿಸಿ ಸರಿಮಾಡಬಹುದು, ಮುರಿದ ತಲೆಯನ್ನಲ್ಲ.

ಹಳೆತಂತಿ:
ನೀವು ಹುಟ್ಟುವ ಮೊದಲಿನಿಂದ ನಾನು ವಾದ್ಯ ಹೊತ್ತು ತಿರುಗುತ್ತಿದ್ದೇನೆ. ತಲೆ ಮುರಿಯುವುದು ಪೆಟ್ಟಿಗೆಯಲ್ಲಿ ತಲೆಯ ಕೆಳಗೆ, ಸುತ್ತಮುತ್ತ ಬಟ್ಟೆ ತುಂಬದೆ ಟೊಳ್ಳು ಬಿಟ್ಟವರದು.

ಹೊಸರಾಗ:
ಎಲ್ಲರಿಗೂ ವಂದನೆಗಳು. ಮನೆಯೋ ಸ್ಟುಡಿಯೋವೋ ಎಂಬುದು ಇನ್ನೂ ತೀರ್ಮಾನವಾಗಲಿಲ್ಲ, ತಬಲಾದ ವಿಷಯವನ್ನಂತೂ ಯಾರೂ ಎತ್ತಲಿಲ್ಲ.

ಎಡಗೈಬಾಯಾ:
ತಬಲಾವನ್ನು ಕೇಳುವವರೇ ಇಲ್ಲವೆಂಬುದು ನನ್ನ ಹಳೆಯ ಕೊರಗು. ಒಣ ಹವೆಯಲ್ಲಿ ಚರ್ಮ ಬಿಗಿದು ಶ್ರುತಿ ಏರುತ್ತದೆ, ಅದೇ ಚಳಿಯಲ್ಲಿ ಕೊಳಲು ಇಳಿಯುತ್ತದೆ, ನಡುವೆ ಗಾಯಕರು ತಂಬೂರಿಯನ್ನು ಹಿಡಿದು ಕೂತಿರುತ್ತಾರೆ. ನಾವು ಹೋಗಿದ್ದಾಗ ಸುತ್ತಿಗೆ ಹಿಡಿದು ಗಟ್ಟ, ಅಂದರೆ ಪಕ್ಕದ ಮರದ ತುಂಡುಗಳನ್ನು, ಸರಿಸುವುದರಲ್ಲೇ ನನ್ನ ಸರದಿ ಕಳೆಯಿತು, ಆ ಗಂಟೆಗಳ ಬಾಡಿಗೆಯನ್ನು ಗೆಳೆಯರು ನನ್ನೊಬ್ಬನ ಲೆಕ್ಕಕ್ಕೆ ಬರೆದರು. ಹೊರಡುವ ಮೊದಲೇ, ವಾದ್ಯ ಹದಕ್ಕೆ ಬರುವ ಹೊತ್ತು ಎಲ್ಲರ ಪಾಲಿನದೆಂದು ಬರೆದಿಟ್ಟುಕೊಳ್ಳಿ.

ಧ್ವನಿಮೇಜು:
ಹಿಂದಿನ ಸಂಜೆಯೇ ವಾದ್ಯಗಳನ್ನು ತಂದಿರಿಸಿ, ಬೆಳಗಿನವರೆಗೆ ಪೆಟ್ಟಿಗೆ ಮುಚ್ಚಿಡಿ ಎಂದು ನಾವು ಎಲ್ಲರಿಗೂ ಹೇಳುತ್ತೇವೆ, ಅದಕ್ಕೆ ಬಾಡಿಗೆಯನ್ನೂ ಕೇಳುವುದಿಲ್ಲ.

ಬಿದಿರುಕೊಳಲು:
ಕೋಣೆಯನ್ನು ರಾತ್ರಿ ಬೆಚ್ಚಗಿಡುತ್ತೀರೋ ಇಲ್ಲವೋ, ಅದನ್ನು ಮೊದಲು ಹೇಳಿ.