400ನೇ ರ‍್ಯಾಂಕಿನ ಟೆನಿಸ್ ಆಟಗಾರರು ಹೇಗೆ ತಾಳಿಕೊಳ್ಳುತ್ತಾರೆ?

ಪ್ರಶ್ನೆ: ಟಿವಿಯಲ್ಲಿ ಕಾಣುವವರು ಬಿಡಿ, 400–500ನೇ ರ‍್ಯಾಂಕಿನವರ ಕಥೆ ಏನು? ಪುರುಷರ ವೃತ್ತಿಪರ ಟೆನಿಸ್‌ನ ಕೆಳಗಿನ ಹಂತವಾದ ಎಂ15 ಟೂರ್ನಿಯ ಒಟ್ಟು ಬಹುಮಾನವೇ 15,000 ಡಾಲರ್, ಅದೂ ಎಲ್ಲರಿಗೂ ಹಂಚಬೇಕು. ಆದರೂ ಯಾಕೆ ಆಡುತ್ತಾರೆ?

ಉತ್ತರ 1: ತುಂಬಾ ಜನ ಕೋಚ್ ಇಲ್ಲದೆ ಒಬ್ಬರೇ ಓಡಾಡುತ್ತಾರೆ, ರೂಮು ಹಂಚಿಕೊಳ್ಳುತ್ತಾರೆ, ನಡುವೆ ಕ್ಲಬ್ ಲೀಗ್ ಆಡಿ ಒಂದಿಷ್ಟು ದುಡ್ಡು ಮಾಡಿಕೊಳ್ಳುತ್ತಾರೆ. ಕಣ್ಣೆಲ್ಲ ಗ್ರ್ಯಾಂಡ್ ಸ್ಲಾಮ್ ಅರ್ಹತಾ ಸುತ್ತಿನ ಮೇಲೆ. ಅಲ್ಲಿ ಮೊದಲ ಪಂದ್ಯ ಸೋತರೂ ಎಂ15 ಗೆದ್ದದ್ದಕ್ಕಿಂತ ಜಾಸ್ತಿ ಸಿಗುತ್ತದೆ.

ಉತ್ತರ 2: ಭಾರತದ ಟೆನಿಸ್ ಆಟಗಾರ ಸುಮಿತ್ ನಾಗಲ್ 2023ರಲ್ಲಿ ಖಾತೆಯಲ್ಲಿ ಬರೀ 900 ಯೂರೋ ಇದೆ ಎಂದಿದ್ದರು. 2024ರ ಆಸ್ಟ್ರೇಲಿಯನ್ ಓಪನ್‌ನಲ್ಲಿ ಅರ್ಹತಾ ಸುತ್ತು ದಾಟಿ ಬಂದು 31ನೇ ಸೀಡ್ (ಶ್ರೇಯಾಂಕಿತ) ಆಟಗಾರ ಬುಬ್ಲಿಕ್ ಅವರನ್ನೇ ಸೋಲಿಸಿದರು.

ಉತ್ತರ 3: ಅಂಥವರು ಎಲ್ಲೋ ಒಬ್ಬಿಬ್ಬರು, ಅಲ್ವಾ? ಗಾಯವಾದರೆ ಆದಾಯ ನಿಂತೇ ಹೋಗುತ್ತದೆ, ರ‍್ಯಾಂಕೂ ಇಳಿಯುತ್ತದೆ. ಬಿಟ್ಟು ಹೋದವರಿಗೆ ಛಲ ಇರಲಿಲ್ಲ ಅಂತ ಸುಮ್ನೆ ಅನ್ನಬೇಡಿ.