ಸಪ್ಲೈಯರ್ ಬ್ಯಾಂಕ್ ಅಕೌಂಟ್ ಬದಲಾಗಿದೆ ಅಂತ ಫೇಕ್ ಮೇಲ್ ಬಂತು, ಓನರ್‌ಗೆ ಹೇಗೆ ಅರ್ಥ ಮಾಡ್ಸೋದು?

ಪೀಣ್ಯ_ಅಕೌಂಟ್ಸ್:
ನಮ್ದು ಪೀಣ್ಯದಲ್ಲಿ ಸಿಎನ್‌ಸಿ ಜಾಬ್ ವರ್ಕ್ ಮಾಡೋ ಚಿಕ್ಕ ಕಂಪನಿ, ನಾನು ಅಕೌಂಟ್ಸ್ ನೋಡ್ಕೋತೀನಿ. ಹೋದ ವಾರ ನಮ್ಗೆ ಸ್ಟೀಲ್ ಕೊಡೋರ ಹೆಸರಲ್ಲಿ ಒಂದು ಮೇಲ್ ಬಂತು, ಹಳೇ ಅಕೌಂಟ್ ಆಡಿಟ್‌ನಲ್ಲಿದೆ, ಈ ಸಲ ಪೇಮೆಂಟ್ ಹೊಸ ಅಕೌಂಟಿಗೆ ಹಾಕಿ ಅಂತ. ಇನ್‌ವಾಯ್ಸ್ ನಂಬರು, ಅಮೌಂಟು, ಜಿಎಸ್‌ಟಿ ಎಲ್ಲಾ ಕರೆಕ್ಟು. ಐಎಫ್‌ಎಸ್‌ಸಿ ನೋಡಿದ್ರೆ ಯಾವ್ದೋ ಬೇರೆ ರಾಜ್ಯದ ಬ್ರಾಂಚು, ಡೌಟ್ ಬಂದು ಫೋನ್ ಮಾಡಿದ್ರೆ ಅವ್ರು ಅಂಥ ಮೇಲೇ ಕಳ್ಸಿಲ್ಲ! ದುಡ್ಡೇನೋ ಉಳೀತು, ಆದ್ರೆ ಓನರ್ "ನಮ್ಮಂಥ ಚಿಕ್ಕೋರ ಡೇಟಾ ಯಾರಿಗ್ ಬೇಕು, ಅದೆಲ್ಲ ದೊಡ್ಡ ಕಂಪನಿಗಳ ತಲೆನೋವು" ಅಂತಾರೆ. ಆಫೀಸ್ ಮೇಲ್ ಪಾಸ್‌ವರ್ಡ್ ಎಲ್ರಿಗೂ ಒಂದೇ, ಟ್ಯಾಲಿ ಇರೋ ಸಿಸ್ಟಮ್ ಇನ್ನೂ ವಿಂಡೋಸ್ 7. ಎಲ್ಲಿಂದ ಶುರು ಮಾಡ್ಲಿ?

ಲಾಗ್_ನೋಡೋನು:
ಇನ್‌ವಾಯ್ಸ್ ನಂಬರ್ ಸಮೇತ ಬಂದಿದೆ ಅಂದ್ರೆ ನಿಮ್ದೋ ಅವ್ರದ್ದೋ ಮೇಲ್‌ಬಾಕ್ಸ್ ಯಾರೋ ಓದ್ತಿರೋ ಚಾನ್ಸ್ ಜಾಸ್ತಿ. ಇವತ್ತೇ ಮೇಲ್ ಸೆಟ್ಟಿಂಗ್ಸ್‌ಗೆ ಹೋಗಿ ಫಾರ್ವರ್ಡ್ ರೂಲ್ಸ್ ನೋಡಿ, ಈ ಕಳ್ಳರು ಒಳಗೆ ಬಂದ್ಮೇಲೆ ಪೇಮೆಂಟ್, ಇನ್‌ವಾಯ್ಸ್ ಅನ್ನೋ ಪದ ಇರೋ ಮೇಲ್ ಎಲ್ಲಾ ತಮಗೊಂದು ಕಾಪಿ ಬರೋ ಹಾಗೆ ಮಾಡಿಟ್ಟಿರ್ತಾರೆ, ಪಾಸ್‌ವರ್ಡ್ ಬದಲಾಯಿಸಿದ್ರೂ ಆ ರೂಲ್ ಹಂಗೇ ಇರುತ್ತೆ. ಕಳಿಸಿದೋರ ಐಡಿನೂ ಅಕ್ಷರ ಅಕ್ಷರ ಓದಿ, ಇಂಗ್ಲಿಷಿನ ಆರ್, ಎನ್ ಪಕ್ಕಪಕ್ಕ ಇಟ್ರೆ ಎಮ್ ಥರನೇ ಕಾಣುತ್ತೆ. ಆಮೇಲೆ ಒಬ್ಬೊಬ್ರಿಗೂ ಬೇರೆ ಲಾಗಿನ್, ಟು ಸ್ಟೆಪ್ ವೆರಿಫಿಕೇಶನ್.

ವಿಂಡೋಸ್ 7ಗೆ ಸಪೋರ್ಟ್ 2020ರ ಜನವರಿಲೇ ನಿಂತೋಯ್ತು. 2017ರ ಮೇನಲ್ಲಿ ಫೈಲ್ ಲಾಕ್ ಮಾಡಿ ದುಡ್ಡು ಕೇಳೋ ವನ್ನಾಕ್ರೈ ವೈರಸ್ ಬಂದಾಗ ಹೊಡೆತ ತಿಂದ ಸಿಸ್ಟಮ್‌ಗಳಲ್ಲಿ ಹೆಚ್ಚಿನವು ವಿಂಡೋಸ್ 7, ಅದನ್ನ ತಡೆಯೋ ಅಪ್‌ಡೇಟ್ (ಪ್ಯಾಚು) ಮಾರ್ಚ್‌ನಲ್ಲೇ ಬಂದಿತ್ತು, ಹಾಕ್ಕೊಂಡಿರ್ಲಿಲ್ಲ ಅಷ್ಟೆ. ಅದು ಯಾರು ದೊಡ್ಡೋರು ಯಾರು ಚಿಕ್ಕೋರು ಅಂತ ನೋಡ್ಲಿಲ್ಲ, ನಿಮ್ ಓನರ್‌ಗೆ ಇದನ್ನೇ ಹೇಳಿ.

ಜಯನಗರ_ಸಿಎ:
ಡೇಟಾ ಯಾರಿಗ್ ಬೇಕು ಅನ್ನೋದು ಒಪ್ಪೋ ಮಾತಲ್ಲ ಸರ್. ಕಸ್ಟಮರ್ ಕೊಟ್ಟ ಡ್ರಾಯಿಂಗ್ಸ್ ನಿಮ್ಮತ್ರ ಇದೆ, ವರ್ಕರ್ಸ್ ಆಧಾರ್, ಪಿಎಫ್, ಬ್ಯಾಂಕ್ ಡೀಟೇಲ್ಸ್ ಇದೆ. ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ 2023ರಲ್ಲಿ ಬಂತು, ಸರಿಯಾದ ಭದ್ರತೆ ಇಡದಿದ್ರೆ ದಂಡ 250 ಕೋಟಿವರೆಗೂ ಹಾಕ್ಬಹುದು. ಅಷ್ಟು ನಿಮ್ಗೆ ಬೀಳುತ್ತೆ ಅಂತಲ್ಲ, ಆದ್ರೆ ಜವಾಬ್ದಾರಿ ಮಾತ್ರ ನಿಮ್ದೇ. ಸೈಬರ್ ದಾಳಿ ವಿಷಯ ನೋಡ್ಕೊಳ್ಳೋ ಕೇಂದ್ರ ಸರ್ಕಾರದ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ಆದೇಶದ ಪ್ರಕಾರ ಹ್ಯಾಕ್ ಥರದ ಘಟನೆ ಗೊತ್ತಾದ 6 ಗಂಟೆ ಒಳಗೆ ಅವ್ರಿಗೆ ರಿಪೋರ್ಟ್ ಮಾಡ್ಬೇಕು.

ಹೊಸೂರು_ರೋಡ್:
ಎಲ್ಲಕ್ಕಿಂತ ಮೊದ್ಲು ಆಫೀಸಲ್ಲಿ ಬೈಯೋದು ನಿಲ್ಬೇಕು, ಇದನ್ನ ಯಾರೂ ಹೇಳಲ್ಲ. ನಾನು ಮುಂಚೆ ಇದ್ದ ಕಡೆ ಇದೇ ಥರ ಮೇಲ್‌ಗೆ ದುಡ್ಡು ಹೋಯ್ತು, ಕಳಿಸಿದ ಹುಡುಗಿಗೆ ಶುಕ್ರವಾರ ಸಂಜೆನೇ ಗೊತ್ತಾಗಿತ್ತು, ಮ್ಯಾನೇಜರ್ ಎಗರಾಡ್ತಾರೆ ಅಂತ ಹೆದ್ರಿ ಸೋಮವಾರ ಹೇಳಿದ್ಲು. ಅಷ್ಟೊತ್ತಿಗೆ ಆ ಅಕೌಂಟಿಂದ ಹತ್ತಾರು ಅಕೌಂಟಿಗೆ ಹಂಚಿ ಎತ್ಕೊಂಡಾಗಿತ್ತು. ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಗೆ ಫೋನ್ ಮಾಡಿದ್ರೆ ದುಡ್ಡು ಇನ್ನೂ ಬ್ಯಾಂಕಲ್ಲೇ ಇದ್ರೆ ತಡೆ ಹಿಡೀಬಹುದು, ಒಂದೊಂದು ಗಂಟೆನೂ ಲೆಕ್ಕಕ್ಕೆ ಬರುತ್ತೆ. ಅಕೌಂಟ್ ಬದಲಾವಣೆ ಅಂದ್ರೆ ನಿಮ್ಮತ್ರ ಮುಂಚಿಂದ ಇರೋ ನಂಬರಿಗೇ ಫೋನ್ ಮಾಡ್ಬೇಕು, ಮೇಲಲ್ಲಿರೋ ನಂಬರಿಗಲ್ಲ, ಇದಕ್ಕೆ ಪೇಮೆಂಟ್ ಒಂದಿನ ಲೇಟಾದ್ರೂ ಯಾರೂ ಕೇಳಂಗಿಲ್ಲ ಅಂತ ಓನರ್ ಬಾಯಿಂದಾನೇ ಹೇಳ್ಸಿ.

ಪೀಣ್ಯ_ಅಕೌಂಟ್ಸ್:
ಎಲ್ರಿಗೂ ಥ್ಯಾಂಕ್ಸ್. ನೋಡ್ದೆ, ನಮ್ ಸೇಲ್ಸ್ ಐಡಿಲಿ ಯಾವ್ದೋ ಗೊತ್ತಿಲ್ದಿರೋ ಜಿಮೇಲ್‌ಗೆ ಫಾರ್ವರ್ಡ್ ರೂಲ್ ಇದೆ! ಓನರ್‌ಗೆ ತೋರಿಸ್ದೆ, ಈಗ ಅವ್ರೇ ಪಕ್ಕದಲ್ಲಿ ಕೂತಿದಾರೆ. ಡಿಲೀಟ್ ಮಾಡ್ಲಾ?

ಲಾಗ್_ನೋಡೋನು:
ಮೊದ್ಲು ಸ್ಕ್ರೀನ್‌ಶಾಟ್, ಲಾಗಿನ್ ಹಿಸ್ಟರಿನೂ ಸೇವ್ ಮಾಡ್ಕೊಳಿ, ಕಂಪ್ಲೇಂಟ್‌ಗೆ ಬೇಕಾಗುತ್ತೆ. ಆಮೇಲೆ ರೂಲ್ ತೆಗ್ದು, ಪಾಸ್‌ವರ್ಡ್ ಬದಲಾಯ್ಸಿ, ಎಲ್ಲಾ ಡಿವೈಸಿಂದ ಸೈನ್ ಔಟ್ ಮಾಡಿ. ಸೇಲ್ಸ್ ಐಡಿ ಅಂದ್ರೆ ನಿಮ್ ಹೆಸರಲ್ಲಿ ನಿಮ್ ಕಸ್ಟಮರ್‌ಗಳಿಗೂ ಹೊಸ ಅಕೌಂಟ್ ನಂಬರ್ ಹೋಗಿರ್ಬಹುದು, ಒಬ್ಬೊಬ್ರಿಗೂ ಈಗ್ಲೇ ಫೋನ್ ಮಾಡಿ. ಮೇಲ್ ಬೇಡ, ಆ ಕಳ್ಳರು ಓದ್ತಿರ್ತಾರೆ.