ಕಂಫರ್ಟ್ ಮೋಡ್‌ನಲ್ಲಿ ಅಮ್ಮನಿಗೆ ವಾಕರಿಕೆ, ಸ್ಪೋರ್ಟ್‌ನಲ್ಲಿ ಇಲ್ಲ. ಅಡಾಪ್ಟಿವ್ ಸಸ್ಪೆನ್ಶನ್ ಅಂದರೆ ಇಷ್ಟೇನಾ?

ಹಿಂದಿನ ಸೀಟು:

ಎಲ್ಲರಿಗೂ ನಮಸ್ಕಾರ. ಎಂಟು ವರ್ಷ ಹಳೆಯ ದೊಡ್ಡ ಸೆಡಾನ್ ಒಂದನ್ನು ಸೆಕೆಂಡ್ ಹ್ಯಾಂಡ್ ತೆಗೆದುಕೊಂಡು ನಾಲ್ಕು ತಿಂಗಳಾಯಿತು. ನಾಲ್ಕೂ ಚಕ್ರಕ್ಕೆ ಏರ್ ಸಸ್ಪೆನ್ಶನ್, ಜೊತೆಗೆ ಅಡಾಪ್ಟಿವ್ ಶಾಕ್ ಅಬ್ಸಾರ್ಬರ್. ಬಟನ್ ಒತ್ತಿ ಮೆತ್ತಗಿನ ಕಂಫರ್ಟ್ ಅಥವಾ ಬಿಗಿಯಾದ ಸ್ಪೋರ್ಟ್ ಮೋಡ್‌ಗೆ ಹಾಕಬಹುದು. ಅಮ್ಮನಿಗೆ ಸೊಂಟ ನೋವು, ಅವರಿಗೆ ಆರಾಮಾಗಲಿ ಅಂತಲೇ ಈ ಕಾರು ಕೊಂಡದ್ದು.

ಆಗಿದ್ದು ಉಲ್ಟಾ. ಕಂಫರ್ಟ್‌ಗೆ ಹಾಕಿದರೆ ಮೊದಲ ಹತ್ತು ನಿಮಿಷ ತೊಟ್ಟಿಲಲ್ಲಿ ಕೂತ ಹಾಗಿರುತ್ತದೆ. ಆಮೇಲೆ ಅಮ್ಮನ ಮಾತು ನಿಲ್ಲುತ್ತದೆ. ಕನ್ನಡಿಯಲ್ಲಿ ನೋಡಿದರೆ ಬಾಗಿಲ ಮೇಲಿನ ಹಿಡಿಯನ್ನು ಬಿಗಿಯಾಗಿ ಹಿಡಿದು ಕಣ್ಣು ಮುಚ್ಚಿರುತ್ತಾರೆ. ಎರಡು ಸಲ ಗಾಡಿ ನಿಲ್ಲಿಸಿ ಇಳಿಸಬೇಕಾಯಿತು. ಸ್ಪೋರ್ಟ್‌ಗೆ ಹಾಕಿದರೆ ವಾಕರಿಕೆ ಇಲ್ಲ, ಆದರೆ ರಸ್ತೆಯ ಪ್ರತಿ ಬಿರುಕೂ ಸೊಂಟಕ್ಕೆ ಬಡಿಯುತ್ತದೆ. ನನ್ನ ಹಳೇ ಕಾರಿನಲ್ಲಿ ಇವೆರಡೂ ಇರಲಿಲ್ಲ!

ವರ್ಕ್‌ಶಾಪ್‌ನಲ್ಲಿ ಸ್ಕ್ಯಾನರ್ ಹಾಕಿ ನೋಡಿ, ಏನೂ ಫಾಲ್ಟ್ ಇಲ್ಲ, ಈ ಕಾರು ಇರೋದೇ ಹೀಗೆ ಅಂದರು. ನಿಜಾನಾ?

ಸ್ಟೀಲ್ ಸ್ಪ್ರಿಂಗ್:

ನಿಜಾನೇ. ಒಳ್ಳೆಯ ಸ್ಟೀಲ್ ಸ್ಪ್ರಿಂಗ್, ಸರಿಯಾಗಿ ಹೊಂದಿಸಿದ ಸಾದಾ ಶಾಕ್, ಕೊಂಚ ದಪ್ಪ ಟೈರ್ ಇದ್ದರೆ ಸಾಕು. ಬಟನ್ ಇದ್ದಷ್ಟೂ ಖರ್ಚು ಜಾಸ್ತಿ, ಅಷ್ಟೇ. ಮಾರಿಬಿಡಿ.

ಎಣ್ಣೆ ಕೈ:

ಮಾರೋದು ಆಮೇಲೆ. ಮೊದಲು ಒಂದು ಕೇಳುತ್ತೇನೆ. ಹಂಪ್ ದಾಟಿದ ಮೇಲೆ ಕಾರಿನ ಹಿಂಭಾಗ ಎಷ್ಟು ಸಲ ತೂಗುತ್ತದೆ?

ಹಿಂದಿನ ಸೀಟು:

ಎಣಿಸಿರಲಿಲ್ಲ. ಇವತ್ತು ಅಣ್ಣನನ್ನು ಓಡಿಸಲು ಹೇಳಿ ಹೊರಗೆ ನಿಂತು ನೋಡಿದೆ. ಕಂಫರ್ಟ್‌ನಲ್ಲಿ ಮೂರು ಸಲ. ಸ್ಪೋರ್ಟ್‌ನಲ್ಲಿ ಒಂದೂವರೆ ಅನ್ನಬಹುದು.

ಎಣ್ಣೆ ಕೈ:

ಹಾಗಿದ್ದರೆ 'ಈ ಕಾರು ಇರೋದೇ ಹೀಗೆ' ಅನ್ನೋದು ಸುಳ್ಳು. ನಾನು ಹತ್ತೊಂಬತ್ತು ವರ್ಷದಿಂದ ಶಾಕ್ ಬಿಚ್ಚಿ ಹಾಕುವ ಕೆಲಸದಲ್ಲಿದ್ದೇನೆ. ಕೊಂಚ ಉದ್ದ ಬರೆಯುತ್ತೇನೆ, ಬೇಜಾರು ಮಾಡ್ಕೋಬೇಡಿ.

ಕಾರಿನ ಭಾರ ಹೊರುವುದು ಸ್ಪ್ರಿಂಗ್. ನಿಮ್ಮ ಕಾರಿನಲ್ಲಿ ಆ ಜಾಗದಲ್ಲಿ ಗಾಳಿ ತುಂಬಿದ ರಬ್ಬರ್ ಬೆಲ್ಲೋಸ್ ಇದೆ. ಸ್ಪ್ರಿಂಗ್‌ಗೆ ಕುಣಿಯೋದು ಗೊತ್ತು, ನಿಲ್ಲೋದು ಗೊತ್ತಿಲ್ಲ. ನಿಲ್ಲಿಸುವುದು ಶಾಕ್. ಒಳಗೆ ಎಣ್ಣೆ, ಅದರಲ್ಲಿ ಒಂದು ಪಿಸ್ಟನ್. ಎಣ್ಣೆ ಸಣ್ಣ ತೂತುಗಳಲ್ಲಿ ನುಸುಳುವಾಗ ಕುಣಿತವೆಲ್ಲ ಬಿಸಿಯಾಗಿ ಕರಗುತ್ತದೆ. ಸಾದಾ ಶಾಕ್‌ನಲ್ಲಿ ಆ ತೂತು ಎಷ್ಟು ದೊಡ್ಡದಿರಬೇಕು ಅಂತ ಕಾರ್ಖಾನೆಯಲ್ಲೇ ತೀರ್ಮಾನವಾಗಿರುತ್ತದೆ. ದೊಡ್ಡದಿದ್ದರೆ ತೂಗಾಟ, ಸಣ್ಣದಿದ್ದರೆ ಬಡಿತ. ಎರಡರ ನಡುವೆ ಎಲ್ಲೋ ಒಂದು ಕಡೆ ರಾಜಿ.

ಅಡಾಪ್ಟಿವ್ ಶಾಕ್‌ನಲ್ಲಿ ಆ ತೂತಿನ ಜಾಗದಲ್ಲಿ ಕರೆಂಟ್‌ನಿಂದ ತೆರೆದು ಮುಚ್ಚುವ ವಾಲ್ವ್ ಇದೆ. ಇನ್ನೊಂದು ಜಾತಿಯಲ್ಲಿ ವಾಲ್ವ್ ಕೂಡ ಇಲ್ಲ. ಎಣ್ಣೆಯಲ್ಲಿ ಕಬ್ಬಿಣದ ಪುಡಿ ಬೆರೆಸಿರುತ್ತಾರೆ, ಪಿಸ್ಟನ್‌ನಲ್ಲಿ ತಂತಿ ಸುರುಳಿ. ಕರೆಂಟ್ ಹರಿದರೆ ಸುರುಳಿ ಅಯಸ್ಕಾಂತವಾಗುತ್ತದೆ, ಪುಡಿ ಸಾಲುಗಟ್ಟುತ್ತದೆ, ಎಣ್ಣೆ ಗಟ್ಟಿಯಾದ ಹಾಗೆ ವರ್ತಿಸುತ್ತದೆ. ಡೆಲ್ಫಿ ಕಂಪನಿ ಮಾಡಿದ ಮ್ಯಾಗ್ನೆರೈಡ್ ಅನ್ನುವ ಈ ಜಾತಿಯ ಶಾಕ್ ಮೊದಲು ಬಂದದ್ದು 2002ರ ಕ್ಯಾಡಿಲಾಕ್ ಸೆವಿಲ್‌ನಲ್ಲಿ.

ಯಾವ ಜಾತಿಯಾದರೂ ಕೆಲಸ ಒಂದೇ. ಬಾಡಿ ಮೇಲಕ್ಕೆ ಹಾರುವಾಗ ಹಿಡಿ, ಚಕ್ರ ಗುಂಡಿಗೆ ಇಳಿಯುವಾಗ ಬಿಡು. 'ಸ್ಕೈಹುಕ್' ಅಂತಾರೆ. ಕಾರನ್ನು ಆಕಾಶದಿಂದ ಒಂದು ಕೊಕ್ಕೆಗೆ ನೇತು ಹಾಕಿದ್ದೇವೆ ಅಂತ ಲೆಕ್ಕ ಹಾಕಿ, ಆಗ ಬಾಡಿ ಹೇಗೆ ಅಲ್ಲಾಡದೆ ಇರುತ್ತಿತ್ತೋ ಹಾಗೆ ಶಾಕ್ ನಡೆಸುವುದು. ಕಾರ್ನಾಪ್ ಅನ್ನುವ ಸಂಶೋಧಕರು ಮತ್ತು ಸಂಗಡಿಗರು 1974ರಲ್ಲೇ ಇದನ್ನು ಬರೆದಿದ್ದರು. ಬಾಡಿ ಅಲ್ಲಾಡುವುದು ಸೆಕೆಂಡಿಗೆ ಒಂದು ಸಲದ ಆಸುಪಾಸಿನಲ್ಲಿ, ಚಕ್ರ ಕುಣಿಯುವುದು 10ರಿಂದ 15 ಸಲ. ಎರಡು ಬೇರೆ ಬೇರೆ ತಾಳ. ಸಾದಾ ಶಾಕ್‌ಗೆ ಎರಡಕ್ಕೂ ಒಂದೇ ಮದ್ದು. ಅಡಾಪ್ಟಿವ್‌ಗೆ ಹಾಗಲ್ಲ.

ಈಗ ಅಮ್ಮನ ವಿಷಯ. ಆರಾಮ ಅಂದರೆ ಮೆತ್ತಗಿರುವುದು ಅಂತ ನಾವು ಅಂದುಕೊಳ್ಳುತ್ತೇವೆ, ಅಲ್ವಾ? ಕೂತವರ ಮೈಗೆ ತುಂಬಾ ಹಿಂಸೆ ಕೊಡುವುದು ಸೆಕೆಂಡಿಗೆ 4ರಿಂದ 8 ಸಲ ಬರುವ ಕುಲುಕಾಟ. ಸೊಂಟ ನೋವಿನ ಪಾಲು ಅದು. ಹೊಟ್ಟೆ ತೊಳಸುವುದು ನಿಧಾನದ ಓಲಾಟಕ್ಕೆ, ಹಡಗಿನಲ್ಲಿ ಆಗುವ ಹಾಗೆ. ಮೆತ್ತಗೆ ಮಾಡಿ ಕುಲುಕಾಟ ತಪ್ಪಿಸಿ, ಬಾಡಿ ಹಿಡಿಯದೆ ಬಿಟ್ಟರೆ ಸೊಂಟ ಉಳಿಯಿತು, ಹೊಟ್ಟೆ ಹೋಯಿತು. ಸರಿಯಾಗಿರುವ ಅಡಾಪ್ಟಿವ್ ಕಾರು ಕಂಫರ್ಟ್‌ನಲ್ಲೂ ಹಂಪ್ ದಾಟಿ ಒಂದೇ ಸಲ ಎದ್ದು ಕೂರಬೇಕು. ಮೂರು ಸಲ ತೂಗಿದರೆ ಹಿಂದಿನ ಒಂದು ಶಾಕ್‌ನಲ್ಲಿ ಎಣ್ಣೆ ಇಲ್ಲ ಅಂತ ನನ್ನ ಅನುಮಾನ.

ಸ್ಕ್ಯಾನರ್ ಯಾಕೆ ಹೇಳಲಿಲ್ಲ ಅಂದರೆ, ಅದು ನೋಡುವುದು ಕರೆಂಟನ್ನು. ಸುರುಳಿಗೆ ಕರೆಂಟ್ ಹೋಗುತ್ತಿದೆಯಾ, ಹೋಗುತ್ತಿದೆ, ಸರಿ. ಎಣ್ಣೆ ಸೋರಿ ನೆಲ ಸೇರಿದೆ ಅನ್ನುವುದು ಅದಕ್ಕೆ ಕಾಣುವುದಿಲ್ಲ. ಸ್ಪೋರ್ಟ್‌ನಲ್ಲಿ ಉಳಿದ ಮೂರು ಶಾಕ್ ಬಿಗಿಯಾಗಿ ನಾಲ್ಕನೆಯದರ ಕೊರತೆ ಮುಚ್ಚುತ್ತವೆ. ಕಂಫರ್ಟ್‌ನಲ್ಲಿ ಎತ್ತು ಏರಿಗೆ, ಕೋಣ ನೀರಿಗೆ.

ರ್‍ಯಾಂಪ್ ಮೇಲೆ ಹಾಕಿಸಿ, ಹಿಂದಿನ ಶಾಕ್‌ಗಳ ಧೂಳಿನ ಕವರ್ ಎತ್ತಿ ನೋಡಿ. ಹೊರಗಿನಿಂದ ಒಣಗಿದ ಹಾಗೇ ಕಾಣುತ್ತದೆ, ಮೋಸ ಹೋಗಬೇಡಿ. ಎತ್ತುವ ಮೊದಲು ಜಾಕ್ ಮೋಡ್ ಹಾಕಲು ನೆನಪಿಸಿ. ಇಲ್ಲದಿದ್ದರೆ ಕಾರು ಗಾಳಿಯಲ್ಲೇ ತನ್ನ ಎತ್ತರ ಸರಿಮಾಡಲು ಹೊರಡುತ್ತದೆ.

ತಿರುವು ಪ್ರಿಯ:

ಎಣ್ಣೆ ಕೈ ಅವರೇ, ಹ್ಯಾಂಡ್ಲಿಂಗ್ ಬಗ್ಗೆ ಏನೂ ಹೇಳಲಿಲ್ಲ. ಸ್ಪೋರ್ಟ್ ಹಾಕಿದರೆ ತಿರುವಿನಲ್ಲಿ ಕಾರು ಕಡಿಮೆ ವಾಲುತ್ತದೆ ಅಲ್ವಾ?

ಎಣ್ಣೆ ಕೈ:

ಕಡಿಮೆ ಅಲ್ಲ, ನಿಧಾನ. ಉದ್ದ ತಿರುವಿನಲ್ಲಿ ಕೊನೆಗೆ ಎಷ್ಟು ವಾಲಬೇಕು ಅನ್ನುವುದು ಸ್ಪ್ರಿಂಗ್ ಮತ್ತು ಆ್ಯಂಟಿ ರೋಲ್ ಬಾರ್ (ಎಡ ಬಲ ಚಕ್ರಗಳ ನಡುವೆ ವಾಲುವುದನ್ನು ತಡೆಯುವ ಕಂಬಿ) ಕೈಯಲ್ಲಿದೆ. ಅಲ್ಲಿಗೆ ಎಷ್ಟು ಬೇಗ ತಲುಪುತ್ತದೆ ಅನ್ನುವುದು ಶಾಕ್ ಕೈಯಲ್ಲಿ. ಸ್ಟೀರಿಂಗ್ ತಿರುಗಿಸಿದ ತಕ್ಷಣ ಸೆನ್ಸರ್ ಸುದ್ದಿ ಕೊಡುತ್ತದೆ, ಬಾಡಿ ವಾಲುವ ಮೊದಲೇ ಶಾಕ್ ಬಿಗಿಯಾಗಿರುತ್ತದೆ. ಲೇನ್ ಬದಲಿಸುವಾಗ ಕಾರು ಚುರುಕಾಗಿದೆ ಅನ್ನಿಸುವುದು ಇದರಿಂದ. ಬ್ರೇಕ್ ಹಾಕಿದಾಗ ಮೂಗು ಗಬಕ್ಕನೆ ಇಳಿಯದಿರುವುದೂ ಹೀಗೇ.

ಹಾಗಂತ ಹಾಳು ರಸ್ತೆಯಲ್ಲಿ ಸುಮ್ನೆ ಸ್ಪೋರ್ಟ್ ಹಾಕಿಕೊಂಡು ಹೋಗುವುದು ಜಾಣತನ ಅಲ್ಲ. ಬಿಗಿಯಾದ ಶಾಕ್‌ನಿಂದ ಟೈರ್ ನೆಲ ಬಿಟ್ಟು ಪುಟಿದರೆ ಹಿಡಿತ ಎಲ್ಲಿಂದ ಬರಬೇಕು?

ಸ್ಟೀಲ್ ಸ್ಪ್ರಿಂಗ್:

ಆದರೂ ಬಿರುಕಿನ ಬಡಿತ ಅಡಾಪ್ಟಿವ್‌ಗೂ ತಪ್ಪುವುದಿಲ್ಲ. ಒಪ್ಪಿಕೊಳ್ಳಿ.

ಎಣ್ಣೆ ಕೈ:

ಒಪ್ಪಿದೆ. ಗಂಟೆಗೆ 72 ಕಿ.ಮೀ. ವೇಗ ಅಂದರೆ ಸೆಕೆಂಡಿಗೆ 20 ಮೀಟರ್. ವಾಲ್ವ್ ತಿರುಗಲು 10 ಮಿಲಿಸೆಕೆಂಡ್ ಹಿಡಿಯಿತು ಅನ್ನಿ, ಅಷ್ಟರಲ್ಲಿ ಚಕ್ರ 20 ಸೆಂ.ಮೀ. ಮುಂದೆ ಹೋಗಿರುತ್ತದೆ. ಬಿರುಕು ಹಿಂದೆ ಬಿತ್ತು. ಅದಕ್ಕೇ ಮರ್ಸಿಡಿಸ್‌ನವರು 2013ರ ಎಸ್ ಕ್ಲಾಸ್‌ನಲ್ಲಿ ಮುಂದಿನ ರಸ್ತೆ ನೋಡಲು ಕ್ಯಾಮೆರಾ ಇಟ್ಟರು. ಅದು ಬೇರೆ ಜಾತಿ ಬಿಡಿ, ಹೈಡ್ರಾಲಿಕ್ ಒತ್ತಡದಿಂದ ಬಾಡಿಯನ್ನು ಎತ್ತಿ ಇಳಿಸುತ್ತದೆ. ನಮ್ಮ ಶಾಕ್‌ಗಳಿಗೆ ತಡೆಯುವುದಷ್ಟೇ ಗೊತ್ತು, ತಳ್ಳುವುದು ಗೊತ್ತಿಲ್ಲ. ಚೂಪು ಬಿರುಕಿಗೆ ಉತ್ತರ ದಪ್ಪ ಟೈರ್. ರಿಮ್ ದೊಡ್ಡದಾದಷ್ಟೂ ಟೈರ್ ತೆಳ್ಳಗೆ. ಹಿಂದಿನ ಸೀಟು ಅವರೇ, ನಿಮ್ಮ ರಿಮ್ ಎಷ್ಟು ಇಂಚು?

ಹಿಂದಿನ ಸೀಟು:

20. ಹಿಂದಿನ ಮಾಲೀಕರು ಹಾಕಿಸಿದ್ದು. ಕಂಪನಿಯಿಂದ ಬಂದದ್ದು 18 ಅಂತೆ.

ಸ್ಟೀಲ್ ಸ್ಪ್ರಿಂಗ್:

ನಾನು ಆಗಲೇ ಹೇಳಿದ್ದೆ, ಟೈರ್ ಅಂತ.

ಹಿಂದಿನ ಸೀಟು:

ಒಂಬತ್ತು ದಿನದ ನಂತರ ಬರೆಯುತ್ತಿದ್ದೇನೆ. ಬೇರೆ ವರ್ಕ್‌ಶಾಪ್‌ಗೆ ಹೋದೆ. ಹಿಂದಿನ ಎಡಗಡೆ ಶಾಕ್‌ನ ಕವರ್ ಎತ್ತಿದರೆ ಒಳಗೆ ಎಣ್ಣೆಯಲ್ಲಿ ಕಲಸಿದ ಮಣ್ಣು, ಬೆರಳಿಟ್ಟರೆ ಕರಿ ಅಂಟು. ಕೆಳಗಿನ ಅರ್ಧ ಮಾತ್ರ ಒಣಗಿ ಚೊಕ್ಕಟವಾಗಿತ್ತು, ನೀವು ಹೇಳಿದ ಹಾಗೇ. ಬಿಚ್ಚಿದ ಮೇಲೆ ಮೆಕ್ಯಾನಿಕ್ ಅದರ ರಾಡ್ ಅನ್ನು ಕೈಯಲ್ಲೇ ಒತ್ತಿದರು. ಸೈಕಲ್ ಪಂಪ್ ಥರ ಒಳಗೆ ಹೋಯಿತು. ಬಲಗಡೆಯದನ್ನು ಒತ್ತಲು ಮೈಭಾರವೆಲ್ಲ ಹಾಕಬೇಕಾಯಿತು.

ಹಿಂದಿನ ಎರಡೂ ಬದಲಿಸಿದೆ. ಹಂಪ್ ಮೇಲೆ ಈಗ ಒಂದೇ ಸಲ ಎದ್ದು ಕೂರುತ್ತದೆ. ನಿನ್ನೆ ಎರಡು ಗಂಟೆ ಓಡಿಸಿದೆ, ಕಂಫರ್ಟ್‌ನಲ್ಲೇ. ಅಮ್ಮ ದಾರಿಯುದ್ದಕ್ಕೂ ಮಾತಾಡಿದರು, ಮುಕ್ಕಾಲು ಪಾಲು ನನ್ನ ಡ್ರೈವಿಂಗ್ ಬಗ್ಗೆ ದೂರು. ಬಿರುಕಿನ ಬಡಿತ ಇನ್ನೂ ಇದೆ. 18 ಇಂಚಿನ ರಿಮ್ ಹುಡುಕುತ್ತಿದ್ದೇನೆ.

ಎಣ್ಣೆ ಕೈ:

ಸಿಗುವ ತನಕ ಟೈರ್ ಗಾಳಿ ನೋಡಿಕೊಳ್ಳಿ. ಬಾಗಿಲ ಹತ್ತಿರದ ಸ್ಟಿಕ್ಕರ್‌ನಲ್ಲಿ ಇರುವಷ್ಟೇ, ಟೈರ್ ತಣ್ಣಗಿರುವಾಗ. ಮೆತ್ತಗಾಗಲಿ ಅಂತ ಅದಕ್ಕಿಂತ ಇಳಿಸಬೇಡಿ. 20 ಇಂಚಿನಲ್ಲಿ ಗಾಳಿ ಕಡಿಮೆ ಇದ್ದರೆ ಮೊದಲ ದೊಡ್ಡ ಗುಂಡಿಗೇ ರಿಮ್ ಸೊಟ್ಟಗಾಗುತ್ತದೆ.